ತಪ್ಪೊಪ್ಪಿಗೆ ಸಿಗದ 12 ಗಂಟೆ

1993ರ ಮಾರ್ಚ್ 3ರಂದು ಅಮೆರಿಕದ ಎನ್‌ಬಿಸಿ ವಾಹಿನಿ ‘ಹೋಮಿಸೈಡ್: ಲೈಫ್ ಆನ್ ದ ಸ್ಟ್ರೀಟ್’ ಧಾರಾವಾಹಿಯ ಐದನೇ ಕಂತನ್ನು ಪ್ರಸಾರ ಮಾಡಿತು. ಕಂತಿನ ಹೆಸರು ‘ತ್ರೀ ಮೆನ್ ಆ್ಯಂಡ್ ಅಡೀನಾ’. ಬಾಲ್ಟಿಮೋರ್ ಪೊಲೀಸ್ ಠಾಣೆಯ ಇಕ್ಕಟ್ಟಾದ ವಿಚಾರಣಾ ಕೋಣೆ, ಇಬ್ಬರು ಪತ್ತೇದಾರರು, ಒಬ್ಬ ಶಂಕಿತ ಮುದುಕ. ಹೆಚ್ಚುಕಡಿಮೆ ಇಡೀ ಕಥೆ ಅಷ್ಟರಲ್ಲೇ ಮುಗಿಯುತ್ತದೆ. ಒಂದು ಗುಂಡೂ ಹಾರುವುದಿಲ್ಲ, ಕೊಲೆಗಾರನೂ ಸಿಗುವುದಿಲ್ಲ. ಮೂರು ದಶಕ ದಾಟಿದ ಮೇಲೂ ಪೊಲೀಸ್ ಧಾರಾವಾಹಿಗಳ ಮಾತು ಬಂದಾಗ ಈ ಕಂತಿನ ಹೆಸರು ಬಂದೇ ಬರುತ್ತದೆ. ಸಂಗೀತದ ಹಕ್ಕುಗಳ ತೊಡಕಿನಿಂದ ವರ್ಷಗಟ್ಟಲೆ ಆನ್‌ಲೈನ್‌ನಲ್ಲಿ ಸಿಗದಿದ್ದ ಧಾರಾವಾಹಿ 2024ರಲ್ಲಿ ಅಮೆರಿಕದ ಪೀಕಾಕ್ ವೇದಿಕೆಗೆ ಬಂದ ಮೇಲೆ ಹೊಸ ತಲೆಮಾರೂ ಅದನ್ನು ನೋಡುತ್ತಿದೆ. ಅದರ ಗುಣದೋಷಗಳ ಲೆಕ್ಕ ನೋಡಲು ಇದು ಸರಿಯಾದ ಹೊತ್ತು.

ಕಥೆಯ ಬೇರು ನಿಜ ಘಟನೆಯಲ್ಲಿದೆ. ‘ಬಾಲ್ಟಿಮೋರ್ ಸನ್’ ಪತ್ರಿಕೆಯ ವರದಿಗಾರ ಡೇವಿಡ್ ಸೈಮನ್ 1988ರಲ್ಲಿ ಇಡೀ ವರ್ಷ ಆ ನಗರದ ಕೊಲೆ ತನಿಖಾ ದಳದ ಜೊತೆಗಿದ್ದು, 1991ರಲ್ಲಿ ಪುಸ್ತಕ ಬರೆದರು. ಹನ್ನೊಂದು ವರ್ಷದ ಬಾಲಕಿಯೊಬ್ಬಳ ಕೊಲೆ ಅದರಲ್ಲಿ ದೊಡ್ಡ ಪ್ರಕರಣ, ಅದು ಬಗೆಹರಿಯಲಿಲ್ಲ. ಈ ಕಂತಿನ ಲೇಖಕ ಟಾಮ್ ಫೊಂಟಾನಾ ಅದನ್ನೇ ಅಡೀನಾ ವಾಟ್ಸನ್ ಎಂಬ ಹುಡುಗಿಯ ಕಥೆಯಾಗಿಸಿದರು. ಮಾರ್ಟಿನ್ ಕ್ಯಾಂಪ್‌ಬೆಲ್ ನಿರ್ದೇಶಿಸಿದರು. ಮುಂದೆ ‘ಗೋಲ್ಡನ್‌ಐ’, ‘ಕ್ಯಾಸಿನೊ ರೊಯಾಲ್’ ಎಂಬ ಬಾಂಡ್ ಚಿತ್ರಗಳನ್ನು ಮಾಡಿದವರು ಇವರೇ ಎಂದರೆ ಈ ಕಂತು ನೋಡಿದವರು ನಂಬಲಾರರು. ಬರವಣಿಗೆಗಾಗಿ ಫೊಂಟಾನಾ ಅವರಿಗೆ ಅದೇ ವರ್ಷ ಎಮ್ಮಿ ಪ್ರಶಸ್ತಿ ಬಂತು.

ಶಂಕಿತನ ಹೆಸರು ರಿಸ್ಲಿ ಟಕರ್. ಬಾಲ್ಟಿಮೋರ್‌ನಲ್ಲಿ ಕುದುರೆಗಾಡಿಯ ಮೇಲೆ ಹಣ್ಣು-ತರಕಾರಿ ಮಾರುವ ಕಪ್ಪುಜನಾಂಗದ ವ್ಯಾಪಾರಿಗಳನ್ನು ಅರಬರ್ ಎನ್ನುತ್ತಾರೆ, ಇವನೂ ಅಂಥವನು. ಇವನನ್ನು ಪ್ರಶ್ನಿಸಲು ಪೊಲೀಸರಿಗಿರುವ ಕೊನೆಯ ಅವಕಾಶ 12 ಗಂಟೆ. ಇಬ್ಬರು ಪತ್ತೇದಾರರಲ್ಲಿ ಬೇಲಿಸ್ (ಕೈಲ್ ಸೀಕೋರ್) ಇವನೇ ಕೊಲೆಗಾರನೆಂದು ಗಟ್ಟಿಯಾಗಿ ನಂಬಿದ್ದಾನೆ, ಪೆಂಬಲ್ಟನ್‌ಗೆ (ಆಂಡ್ರೆ ಬ್ರಾಗರ್) ಅನುಮಾನ. ವಿಚಾರಣೆಯೆಂದರೆ ಗಿರಾಕಿಗೆ ಬೇಡದ ಸರಕನ್ನು, ಅಂದರೆ ಜೈಲನ್ನು, ಮಾರುವ ಕಸುಬು ಎಂದು ಪೆಂಬಲ್ಟನ್ ಮೊದಲ ಕಂತಿನಲ್ಲೇ ಹೇಳಿದ್ದ. ಇಲ್ಲಿ ಆ ಕಸುಬೆಲ್ಲ ಖರ್ಚಾಗುತ್ತದೆ. ಒಲಿಸುತ್ತಾರೆ, ಗದರುತ್ತಾರೆ, ಸತ್ತ ಹುಡುಗಿಯ ಚಿತ್ರ ಹಿಡಿಯುತ್ತಾರೆ. ಒಂದು ಹಂತದಲ್ಲಿ ಬೇಲಿಸ್ ಹದ್ದು ಮೀರಿ ಮುದುಕನ ಮುಖವನ್ನು ಕಾದ ಕೊಳವೆಯತ್ತ ಒತ್ತುತ್ತಾನೆ. ಆಮೇಲೆ ಮುದುಕ ತಿರುಗಿಬೀಳುತ್ತಾನೆ. ಬೇಲಿಸ್‌ನ ಒಳಗಿನ ಕತ್ತಲನ್ನು ಎತ್ತಿ ತೋರಿಸುತ್ತಾನೆ. ತಾನೂ ಕಪ್ಪುಜನಾಂಗದವನೇ ಆದ ಪೆಂಬಲ್ಟನ್‌ಗೆ, ನೀನು ನನ್ನಂಥ ಕಪ್ಪುಜನರನ್ನೇ ಕೀಳಾಗಿ ಕಾಣುವವನು ಎಂದು ಚುಚ್ಚುತ್ತಾನೆ. ಕೊನೆಗೆ ಆ ಮಗುವಿನ ಮೇಲೆ ತನಗಿದ್ದ ಮೋಹವನ್ನು ಕುಸಿದುಹೋಗುತ್ತಾ ಒಪ್ಪುತ್ತಾನೆ. ಕೊಂದೆ ಎಂದು ಮಾತ್ರ ಹೇಳುವುದಿಲ್ಲ. ಗಡುವು ಮುಗಿಯುವ ಹೊತ್ತಿಗೆ ಪೆಂಬಲ್ಟನ್‌ಗೆ ಇವನೇ ಎಂಬ ನಂಬಿಕೆ, ಬೇಲಿಸ್‌ಗೆ ಏನೂ ತಿಳಿಯದ ಸ್ಥಿತಿ. ಟಕರ್ ಪಾತ್ರ ಮಾಡಿದ ಹಿರಿಯ ನಟ ಮೋಸೆಸ್ ಗನ್ ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಈ ಕಂತು ನಿಂತಿರುವುದೇ ಅವರ ಮೇಲೆ ಎಂಬುದು ನಮ್ಮ ಅಭಿಪ್ರಾಯ; ಬ್ರಾಗರ್ ಅಭಿಮಾನಿಗಳು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಅಂದು ಇದನ್ನು ಹೊಗಳಿದ್ದು ನಟನೆಗಾಗಿ, ದಿಟ್ಟ ಅಂತ್ಯಕ್ಕಾಗಿ. ಇಂದು ಎದ್ದು ಕಾಣುವುದು ಬೇರೆ. 1989ರ ಸೆಂಟ್ರಲ್ ಪಾರ್ಕ್ ಅತ್ಯಾಚಾರ ಪ್ರಕರಣದಲ್ಲಿ ನ್ಯೂಯಾರ್ಕ್‌ನ ಐವರು ಹದಿಹರೆಯದ ಹುಡುಗರಿಗೆ ಶಿಕ್ಷೆಯಾದದ್ದು ಗಂಟೆಗಟ್ಟಲೆ ವಿಚಾರಣೆಯಲ್ಲಿ ಹೊರಟ ಹೇಳಿಕೆಗಳ ಆಧಾರದ ಮೇಲೆ. ಈ ಕಂತು ಪ್ರಸಾರವಾದಾಗ ಅವರು ಕಾನೂನಿನ ಕಣ್ಣಲ್ಲಿ ಅಪರಾಧಿಗಳೇ. ನಿಜವಾದ ಅಪರಾಧಿ ಒಪ್ಪಿಕೊಂಡು, ಡಿಎನ್‌ಎ ಅವನಿಗೇ ತಾಳೆಯಾಗಿ, ಶಿಕ್ಷೆ ರದ್ದಾದದ್ದು 2002ರಲ್ಲಿ. ದಣಿದವನು ಮಾಡದ್ದನ್ನೂ ಒಪ್ಪಿಕೊಳ್ಳಬಲ್ಲ ಎಂಬುದನ್ನು ಅಮೆರಿಕ ಅರಗಿಸಿಕೊಂಡದ್ದು ತಡವಾಗಿ. ಪೊಲೀಸರ ನಂಬಿಕೆ ಬೇರೆ, ಪುರಾವೆ ಬೇರೆ ಎಂದು ಮನೆಮನೆಯ ಪರದೆಯ ಮೇಲೆ 1993ರಲ್ಲೇ ತೋರಿಸಿದ್ದು ಸಣ್ಣ ಸಾಧನೆಯಲ್ಲ.

ಕುಂದೂ ಇದೆ. ಕೊಳವೆಯ ಪ್ರಸಂಗ ಕಥೆಯಲ್ಲಿ ಬರೀ ಬಿಗುವಿನ ಸಾಮಗ್ರಿ. ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಅಡೀನಾ ಚಿತ್ರಪಟದಲ್ಲೇ ಉಳಿಯುತ್ತಾಳೆ, ನೋವಿನ ಒಡೆತನವೆಲ್ಲ ಪೊಲೀಸರದು. 1996ರಲ್ಲಿ ಧಾರಾವಾಹಿ ಮತ್ತೆ ಅವಳ ಪ್ರಕರಣಕ್ಕೆ ಬಂದಾಗಲೂ ಮುಖ್ಯವಾದದ್ದು ಬೇಲಿಸ್‌ನ ಸಂಕಟವೇ. ಕೊಲೆಗಾರನನ್ನು ಮಾತ್ರ ಆಗಲೂ ಕೊಡಲಿಲ್ಲ; ಆ ಹಟಕ್ಕೆ ಶಹಬ್ಬಾಸ್ ಅನ್ನಬೇಕು.

ಇನ್ನು ನಮ್ಮ ದೇಶದ ಮಾತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹೇಳಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಹೇಳುತ್ತದೆ. ಆದರೂ ಛಾಪಾಕಾಗದ ಹಗರಣದ ತೆಲಗಿಗೆ ಬೆಂಗಳೂರಿನಲ್ಲಿ ನಡೆದ ಮಂಪರು ಪರೀಕ್ಷೆಯ ದೃಶ್ಯಗಳನ್ನು ಸುದ್ದಿವಾಹಿನಿಗಳು ಧಾರಾವಾಹಿಯಂತೆ ಬಿತ್ತರಿಸಿದವು, ನಾವು ಊಟ ಮಾಡುತ್ತಾ ನೋಡಿದೆವು. ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆ ಮಾಡುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2010ರಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ಇತ್ತ 1998ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ಓಡಿದ ಹಿಂದಿ ಧಾರಾವಾಹಿ ‘ಸಿಐಡಿ’ಯಲ್ಲಿ ಇನ್‌ಸ್ಪೆಕ್ಟರ್ ದಯಾ ಬಾಗಿಲು ಒಡೆಯುತ್ತಿದ್ದ, ಕಪಾಳಕ್ಕೆ ಬಿದ್ದವನು ಎಲ್ಲ ಬಾಯಿಬಿಡುತ್ತಿದ್ದ. ಅದು ಮಜಾ ಕೊಡುತ್ತಿತ್ತು, ಸುಳ್ಳೇಕೆ. ಆದರೆ ಠಾಣೆಯ ಏಟನ್ನು ಸತ್ಯದ ಕೀಲಿಕೈ ಎಂದು ಮನೆಮಂದಿಗೆಲ್ಲ ಒಪ್ಪಿಸಿದ್ದರಲ್ಲಿ ಅದರ ಪಾಲೂ ಇದೆ. ಕನ್ನಡದಲ್ಲಿ ಅಪರಾಧ ಕಥೆಗಳನ್ನು ಧಾರಾವಾಹಿ ಮಾಡುವವರು ಒಂದು ಪ್ರಕರಣವನ್ನಾದರೂ ಬಗೆಹರಿಸದೆ ಬಿಟ್ಟು ನೋಡಲಿ. ವೀಕ್ಷಕರು ಬೇಜಾರಾಗಿ ಚಾನೆಲ್ ಬದಲಿಸುತ್ತಾರೆಂಬ ಭಯ ಬೇಡ.