ದಾನಿಗಳ ನೆರವಿನ ಉಚಿತ ಶಾಲೆಗಳ ಮಕ್ಕಳ ಪರವಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ,
ಬೆಂಗಳೂರು.

ವಿಷಯ: ದಾನಿಗಳ ಹಣದಿಂದ ನಡೆಯುವ ಉಚಿತ ಶಾಲೆಗಳ ಮಕ್ಕಳಿಗೆ ಸರ್ಕಾರಿ ಸವಲತ್ತು, ಓದಿನ ಭದ್ರತೆ ಹಾಗೂ ಘನತೆಯ ರಕ್ಷಣೆ ಕೋರಿ.

ಮಾನ್ಯರೇ,

ನಾವು ಗಾರೆ ಕೆಲಸ, ಮನೆಗೆಲಸ, ಗಾರ್ಮೆಂಟ್ಸ್ ಕೆಲಸ ಮಾಡಿ ಬದುಕುವ ತಂದೆತಾಯಂದಿರು. ನಮ್ಮೊಂದಿಗೆ ಸಹಿ ಹಾಕಿರುವವರು ನಮ್ಮ ಮಕ್ಕಳ ಶಿಕ್ಷಕರು. ನಮ್ಮ ಮಕ್ಕಳು ಓದುವ ಶಾಲೆಯಲ್ಲಿ ಶುಲ್ಕವಿಲ್ಲ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಎಲ್ಲವೂ ದಾನಿಗಳ ಹಣದಿಂದ ಬರುತ್ತವೆ. ಸಿದ್ಧಗಂಗಾ ಮಠದ ಅನ್ನ, ಅಕ್ಷರ, ಆಶ್ರಯದ ದಾಸೋಹವನ್ನು ಕಂಡ ನಾಡಿಗೆ ಇದು ಹೊಸತಲ್ಲ. ಬೆಂಗಳೂರಿನಲ್ಲಿ 2003ರಲ್ಲಿ ಆರಂಭವಾದ ಪರಿಕ್ರಮದಂಥ ಶಾಲೆಗಳು ಕೊಳೆಗೇರಿಯ ಮಕ್ಕಳಿಗೂ ಇಂಗ್ಲಿಷ್ ಮಾಧ್ಯಮದ ಓದನ್ನು ಉಚಿತವಾಗಿ ಕೊಟ್ಟಿವೆ. ಇಂಥ ಶಾಲೆಗಳಿಗೆ ಕಾನೂನಿನಲ್ಲಿ ತಕ್ಕ ಜಾಗವಿಲ್ಲ ಎಂಬುದೇ ನಮ್ಮ ಅಳಲು.

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ನಮ್ಮ ಶಾಲೆ ಬೀಳುವುದು ನಾಲ್ಕನೆಯದರಲ್ಲಿ, ಅಂದರೆ ಅನುದಾನರಹಿತ ಶಾಲೆಗಳ ಗುಂಪಿನಲ್ಲಿ. ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಪಡೆಯುವ ಶಾಲೆಗಳೂ ಅದೇ ಗುಂಪಿನವು. ಬಿಸಿಯೂಟ, ಉಚಿತ ಪಠ್ಯಪುಸ್ತಕ, 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ ಇವೆಲ್ಲ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಒಂದೇ ರೇಷನ್ ಕಾರ್ಡಿನಲ್ಲಿ ಹೆಸರಿರುವ ಅಣ್ಣ ತಂಗಿಯರಲ್ಲಿ ಸರ್ಕಾರಿ ಶಾಲೆಗೆ ಹೋಗುವ ಅಣ್ಣನಿಗೆ ಹಾಲು ಸಿಗುತ್ತದೆ, ಉಚಿತ ಶಾಲೆಗೆ ಹೋಗುವ ತಂಗಿಗೆ ಸಿಗುವುದಿಲ್ಲ. ಬಡತನ ಇಬ್ಬರಿಗೂ ಒಂದೇ ಅಲ್ಲವೇ?

ಬಡ ಮಕ್ಕಳನ್ನು ಉಚಿತವಾಗಿ ಸೇರಿಸಿಕೊಳ್ಳುವ ಖಾಸಗಿ ಶಾಲೆಗಳಿಗೆ ಸರ್ಕಾರ ಮಾಡುವ ಶುಲ್ಕ ಮರುಪಾವತಿಯ ನಿಯಮವೂ ನಮಗೆ ಒದಗುವುದಿಲ್ಲ. ಕಾಯ್ದೆಯ 12(2)ನೇ ಪ್ರಕರಣದಂತೆ ಸರ್ಕಾರ ಕೊಡುವುದು ತಾನು ಒಂದು ಮಗುವಿಗೆ ಮಾಡುವ ವೆಚ್ಚ ಅಥವಾ ಶಾಲೆ ಮಗುವಿನಿಂದ ಪಡೆಯುವ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಶುಲ್ಕವನ್ನೇ ಪಡೆಯದ ಶಾಲೆಗೆ ಈ ಲೆಕ್ಕದಲ್ಲಿ ಉಳಿಯುವುದು ಸೊನ್ನೆ. ಆದ್ದರಿಂದ ಯಾವ ಮಗುವಿನಿಂದಲೂ ಹಣ ಪಡೆಯದ ಶಾಲೆಗಳನ್ನು, ಲೆಕ್ಕಪತ್ರ ತಪಾಸಣೆಯ ನಂತರ, ‘ಉಚಿತ ಅನುದಾನರಹಿತ’ ಎಂಬ ಪ್ರತ್ಯೇಕ ವರ್ಗವಾಗಿ ಗುರುತಿಸಲು ಹಾಗೂ ಅಲ್ಲಿನ ಬಡ ಮಕ್ಕಳಿಗೆ ಊಟ, ಹಾಲು, ಪಠ್ಯಪುಸ್ತಕ ಒದಗಿಸಲು ಸರ್ಕಾರಕ್ಕೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ. ಪ್ರತಿ ಮಗುವಿನ ವಿವರವೂ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಇರುವುದರಿಂದ ಫಲಾನುಭವಿಗಳನ್ನು ಗುರುತಿಸುವುದು ಕಷ್ಟವಾಗದು.

ನಮ್ಮ ಎರಡನೆಯ ಬೇಡಿಕೆ ಓದಿನ ಭದ್ರತೆ. ದಾನ ಇಂದು ಬರುತ್ತದೆ, ನಾಳೆ ನಿಲ್ಲಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಲಾಭದ ಮೇಲೆ ನಿಂತದ್ದು. ವಿದೇಶಿ ದೇಣಿಗೆಯ ನಿಯಮಗಳು 2020ರ ತಿದ್ದುಪಡಿಯ ನಂತರ ಇನ್ನಷ್ಟು ಬಿಗಿಯಾಗಿವೆ. ಪ್ರಾಯೋಜಕರು ಹಿಂದೆ ಸರಿದರೆಂದು ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಕಳಿಸಬಾರದು. ಶಾಲೆಯನ್ನೇ ಮುಚ್ಚಬೇಕಾಗಿ ಬಂದರೆ ಅದು ವರ್ಷದ ನಡುವೆ ಆಗಕೂಡದು. ಪೋಷಕರಿಗೂ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೂ ಮೊದಲೇ ತಿಳಿಸಿ, ವರ್ಗಾವಣೆ ಪತ್ರ (ಟಿ.ಸಿ.) ಕೊಟ್ಟು, ಹತ್ತಿರದ ಶಾಲೆಯಲ್ಲಿ ಸೇರಿಸುವ ತನಕ ಆಡಳಿತ ಮಂಡಳಿಯೇ ಹೊಣೆ ಹೊರಬೇಕು. ಕಾಯ್ದೆಯ ಹಕ್ಕು ಹದಿನಾಲ್ಕು ವರ್ಷಕ್ಕೆ ಮುಗಿಯುವುದರಿಂದ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಈ ರಕ್ಷಣೆ ಇನ್ನೂ ಅಗತ್ಯ. ಆ ವಯಸ್ಸಿನಲ್ಲಿ ಶಾಲೆ ಬಿಟ್ಟ ಹುಡುಗ ಕೆಲಸಕ್ಕೆ ಹೋಗುತ್ತಾನೆ, ಹುಡುಗಿಗೆ ಮದುವೆಯ ಮಾತು ಶುರುವಾಗುತ್ತದೆ.

ಮೂರನೆಯ ಬೇಡಿಕೆಯನ್ನು ಬರೆಯಲು ನಮಗೆ ಸಂಕೋಚವಿತ್ತು. ನೆರವು ಕೊಟ್ಟವರ ಬಗ್ಗೆ ನಮಗೆ ಕೃತಜ್ಞತೆ ಇದೆ. ಆದರೂ ಹೇಳಲೇಬೇಕು. ದಾನಿಗಳನ್ನು ಒಲಿಸಲು ಮಗುವಿನ ಫೋಟೊ, ಹೆಸರು, ಮನೆಯ ಕಥೆಗಳು ಪುಸ್ತಿಕೆಗಳಲ್ಲಿ, ವಿಡಿಯೊಗಳಲ್ಲಿ ಬರುತ್ತವೆ. ಅಪ್ಪನ ಕುಡಿತ, ಅಮ್ಮನ ಕಾಯಿಲೆ, ಮನೆಯ ಸಾಲ ಊರವರೆಲ್ಲರ ಕಣ್ಣಿಗೆ ಬೀಳುತ್ತವೆ. ಆರನೇ ತರಗತಿಯಲ್ಲಿ ತೆಗೆದ ಆ ಚಿತ್ರ ಮಗು ಕಾಲೇಜು ಸೇರಿದ ಮೇಲೂ ಅಳಿಯುವುದಿಲ್ಲ. ಸೇರ್ಪಡೆಯ ದಿನ ಅರ್ಜಿಯ ಜೊತೆಗೆ ಕೊಟ್ಟ ಒಪ್ಪಿಗೆ ಪತ್ರಕ್ಕೆ ನಾವು ಸಹಿ ಹಾಕಿದ್ದು ನಿಜ. ಆದರೆ ಸೀಟು ಕೈತಪ್ಪುವ ಭಯದಲ್ಲಿ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಲಾಗದು. ದಾನಿಗೆ ಲೆಕ್ಕ ಕೇಳುವ ಹಕ್ಕಿದೆ, ಮಗುವಿನ ಮನೆಯೊಳಗೆ ಇಣುಕುವ ಹಕ್ಕಿಲ್ಲ. ಗುರುತು ತಿಳಿಯುವಂಥ ಚಿತ್ರ ಹಾಗೂ ಕೌಟುಂಬಿಕ ವಿವರಗಳ ಬಳಕೆಯನ್ನು ನಿಷೇಧಿಸುವ, ಪ್ರಾಯೋಜಕರಿಗೆ ಪತ್ರ ಬರೆಯುವಂತೆ ಮಕ್ಕಳನ್ನು ಒತ್ತಾಯಿಸುವುದನ್ನು ತಡೆಯುವ ಮಾರ್ಗಸೂಚಿಯನ್ನು ಆಯೋಗ ಹೊರಡಿಸಬೇಕು. ಹಳೆಯ ಚಿತ್ರಗಳನ್ನು ತೆಗೆಸುವ ಹಕ್ಕು ಮಗುವಿಗೂ ಪೋಷಕರಿಗೂ ಇರಬೇಕು.

ಶಿಕ್ಷಣ ಹಕ್ಕು ಕಾಯ್ದೆಯ 31ನೇ ಪ್ರಕರಣವು ಮಕ್ಕಳ ಹಕ್ಕಿನ ಮೇಲ್ವಿಚಾರಣೆಯನ್ನು ಆಯೋಗಕ್ಕೆ ಒಪ್ಪಿಸಿದೆ. ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷದ ದಾಖಲಾತಿ ಆರಂಭವಾಗುವ ಮೊದಲು ಶಾಲಾ ಶಿಕ್ಷಣ ಇಲಾಖೆ, ಶಾಲಾ ಆಡಳಿತ ಮಂಡಳಿಗಳು ಮತ್ತು ಪೋಷಕರನ್ನು ಒಟ್ಟಿಗೆ ಕರೆದು ಅಹವಾಲು ಆಲಿಸಬೇಕೆಂದೂ, ಸಭೆಯನ್ನು ಕೂಲಿ ತಪ್ಪದಂತೆ ಭಾನುವಾರ ಇಡಬೇಕೆಂದೂ ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಉಚಿತ ಶಾಲೆಯ ಪೋಷಕರು ಮತ್ತು ಶಿಕ್ಷಕರು,
ಬೆಂಗಳೂರು.