ಅತಿಥಿ ನಮ್ಮವರು, ಬಾಗಿಲು ದೆಹಲಿಯದು

2024ರ ಫೆಬ್ರವರಿ 24 ಮತ್ತು 25ರಂದು ರಾಜ್ಯ ಸರ್ಕಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಂವಿಧಾನ ಮತ್ತು ರಾಷ್ಟ್ರೀಯ ಏಕತಾ ಸಮಾವೇಶ ನಡೆಸಿತು. ಆಹ್ವಾನಿತರಲ್ಲಿ ಒಬ್ಬರಾದ ಪ್ರೊ. ನಿತಾಶಾ ಕೌಲ್ ವೇದಿಕೆ ತನಕ ಬರಲೇ ಇಲ್ಲ. ಲಂಡನ್‌ನಿಂದ ಬಂದಿಳಿದ ಅವರನ್ನು ಬೆಂಗಳೂರು ವಿಮಾನ ನಿಲ್ದಾಣದಲ್ಲೇ ತಡೆದು, ಒಂದು ದಿನ ಕೂರಿಸಿ, ವಾಪಸ್ ಕಳಿಸಲಾಯಿತು. ಕೈಯಲ್ಲಿ ಕರ್ನಾಟಕ ಸರ್ಕಾರದ ಆಹ್ವಾನ ಪತ್ರ ಇತ್ತು. ಅಧಿಕಾರಿಗಳು ಕೊಟ್ಟ ಕಾರಣ, ಅವರೇ ಹೇಳಿರುವ ಪ್ರಕಾರ, ದೆಹಲಿಯಿಂದ ಆದೇಶ ಬಂದಿದೆ ಅನ್ನೋದಷ್ಟೇ.

ಕೌಲ್ ಕಾಶ್ಮೀರಿ ಪಂಡಿತ ಮೂಲದವರು, ದೆಹಲಿಯಲ್ಲಿ ಓದಿದವರು, ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ, ಕಾದಂಬರಿಗಾರ್ತಿ. 2019ರಲ್ಲಿ ಕಾಶ್ಮೀರದ ಮಾನವ ಹಕ್ಕುಗಳ ಬಗ್ಗೆ ಅಮೆರಿಕದ ಸಂಸತ್ ಸಮಿತಿ ಮುಂದೆ ಮಾತಾಡಿದ್ದರು. ಆರ್‌ಎಸ್‌ಎಸ್‌ನ ಕಟು ಟೀಕಾಕಾರ್ತಿ. ಇಂಥವರನ್ನು ಕರೆದಿದ್ದೇ ತಪ್ಪು ಅಂತ ರಾಜ್ಯ ಬಿಜೆಪಿ ಸರ್ಕಾರದ ಮೇಲೆ ಮುಗಿಬಿತ್ತು. ಅವರ ಮಾತು ಒಪ್ಪಬೇಕಂತೇನಿಲ್ಲ. ಕಾಶ್ಮೀರದ ಬಗ್ಗೆ ಅವರು ಹೇಳುವ ಎಲ್ಲವನ್ನೂ ನಾನೂ ಒಪ್ಪಲ್ಲ. ಸಮಾವೇಶಕ್ಕೆ ಬಂದು ಮಾತಾಡಿದ್ದರೆ ಎದ್ದು ನಿಂತು ಪ್ರಶ್ನೆ ಕೇಳಬಹುದಿತ್ತು.

ಕಾನೂನಿನ ಕಡೆ ಬರೋಣ. ಯಾರು ದೇಶದೊಳಗೆ ಬರಬೇಕು ಅನ್ನೋದು ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿದೆ, 19ನೇ ನಮೂದು. ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲ ಅಂತ ಸುಪ್ರೀಂ ಕೋರ್ಟ್ 1955ರ ಹಾನ್ಸ್ ಮುಲ್ಲರ್ ಪ್ರಕರಣದಲ್ಲೇ ಹೇಳಿದೆ. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ. ಅಂದರೆ 'ರಾಜ್ಯದ ಅತಿಥಿಗೆ ಅವಮಾನ' ಅಂತ ಕೂಗಾಡಿದರೆ ಕೋರ್ಟಲ್ಲಿ ನಿಲ್ಲೋದಿಲ್ಲ. ಇದು ನಮ್ಮ ಕಡೆಯವರು ಹೇಳಲು ಹಿಂಜರಿಯುವ ವಿಷಯ.

ಆದರೆ ಕೌಲ್ ಮಾಮೂಲಿ ವೀಸಾದಲ್ಲಿ ಬಂದವರಲ್ಲ. ಅವರ ಬಳಿ ಒಸಿಐ ಕಾರ್ಡ್ ಇತ್ತು, ಅಂದರೆ ಭಾರತಕ್ಕೆ ಬಂದುಹೋಗಲು ಜೀವನಪೂರ್ತಿ ವೀಸಾ. 2021ರ ಮಾರ್ಚ್ 4ರ ಅಧಿಸೂಚನೆ ಪ್ರಕಾರ ಒಸಿಐನವರು ಸಂಶೋಧನೆ, ಪತ್ರಿಕೋದ್ಯಮ, ಧರ್ಮಪ್ರಚಾರ, ಪರ್ವತಾರೋಹಣ ಇತ್ಯಾದಿಗೆ ವಿಶೇಷ ಅನುಮತಿ ತಗೋಬೇಕು. ಸರ್ಕಾರವೇ ಕರೆದ ಸಮಾವೇಶದಲ್ಲಿ ಭಾಷಣ ಮಾಡೋದು ಆ ಪಟ್ಟಿಯಲ್ಲಿ ಇಲ್ಲ. ಹಾಗಾದರೆ ಮುರಿದ ನಿಯಮ ಯಾವುದು? ವಿದೇಶಾಂಗ ಇಲಾಖೆ ಕೊಟ್ಟ ಉತ್ತರ: ವಿದೇಶಿಯರ ಪ್ರವೇಶ ಸಾರ್ವಭೌಮ ನಿರ್ಧಾರ. ಎಂಜಿನಿಯರಿಂಗ್ ಓದುವಾಗ ನಮ್ಮ ಲ್ಯಾಬಲ್ಲಿ ಪ್ರೋಗ್ರಾಂ ಎರರ್ ಮೆಸೇಜೇ ಕೊಡದೆ ನಿಂತುಬಿಡ್ತಿತ್ತು. ಸರಿಪಡಿಸೋದು ಏನನ್ನ ಅಂತಲೇ ಗೊತ್ತಾಗ್ತಿರಲಿಲ್ಲ. ಇದೂ ಹಾಗೇ.

ಕಾರಣ ಬರೆದುಕೊಡಬೇಕು ಅನ್ನೋದು ಸಣ್ಣ ಬೇಡಿಕೆ ಅನಿಸಬಹುದು. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಶೋಕ್ ಸ್ವೇನ್ ಅವರ ಒಸಿಐ ರದ್ದಾದಾಗ ದೆಹಲಿ ಹೈಕೋರ್ಟ್ 2023ರ ಜುಲೈನಲ್ಲಿ ಆ ಆದೇಶವನ್ನು ತಳ್ಳಿಹಾಕಿದ್ದು ಇದೇ ನೆಲೆಯಲ್ಲಿ: ಆದೇಶದಲ್ಲಿ ಕಾರಣಗಳೇ ಇರಲಿಲ್ಲ. ಅದೇ ತಿಂಗಳ ಕೊನೆಗೆ ಕೇಂದ್ರ ಹೊಸ ಆದೇಶ ಹೊರಡಿಸಿ ಮತ್ತೆ ರದ್ದು ಮಾಡಿತು, ಆ ಮಾತು ಬೇರೆ. ಆದರೂ ಕಾಗದದ ಮೇಲೆ ಬಂದದ್ದನ್ನು ಪ್ರಶ್ನಿಸಬಹುದು. ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿದ್ದನ್ನು ಹೇಗೆ ಪ್ರಶ್ನಿಸೋದು?

ಕೌಲ್ ಒಬ್ಬರೇ ಅಲ್ಲ. ಕೇರಳದ ಮೀನುಗಾರ ಸಮುದಾಯಗಳ ಬಗ್ಗೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಫಿಲಿಪ್ಪೋ ಒಸೆಲ್ಲಾ 2022ರ ಮಾರ್ಚ್‌ನಲ್ಲಿ ತಿರುವನಂತಪುರದಿಂದಲೇ ವಾಪಸಾದರು. 2025ರ ಅಕ್ಟೋಬರ್‌ನಲ್ಲಿ ಹಿಂದಿ ವಿದ್ವಾಂಸೆ ಫ್ರಾಂಚೆಸ್ಕಾ ಒರ್ಸಿನಿ ಅವರನ್ನು ದೆಹಲಿಯಲ್ಲಿ ತಡೆಯಲಾಯಿತು. ಹಿಂದಿಗಾಗಿ ಬದುಕು ಸವೆಸಿದವರಿಗೆ ಹಿಂದಿ ಪ್ರೇಮಿ ಸರ್ಕಾರ ಕೊಟ್ಟ ಸ್ವಾಗತ ನೋಡಿ.

ಇನ್ನು ರಾಜ್ಯ ಸರ್ಕಾರ. ಘಟನೆ ಆದಮೇಲೆ ಖಂಡನೆಯ ಹೇಳಿಕೆ ಬಂತು. ಕರೆದವರ ಜವಾಬ್ದಾರಿ ಅಷ್ಟಕ್ಕೇ ಮುಗಿಯೋದಿಲ್ಲ. ಕಾರಣ ಏನು ಅಂತ ಕೇಂದ್ರಕ್ಕೆ ಪತ್ರ ಬರೆದು, ಬಂದ ಉತ್ತರವನ್ನಾಗಲಿ ಬಾರದ ಉತ್ತರವನ್ನಾಗಲಿ ಜನರ ಮುಂದೆ ಇಡಬೇಕು. ಸಮಾವೇಶ ಮಾಡುವ ತಾಕತ್ತು ಇದ್ದವರಿಗೆ ಒಂದು ಪತ್ರ ಕಷ್ಟವಲ್ಲ.

2025ರ ಮೇ ತಿಂಗಳಲ್ಲಿ ಕೌಲ್ ಅವರ ಒಸಿಐ ಕೂಡ ರದ್ದಾಯಿತು. ಈ ಸಲ ಪತ್ರ ಬಂತು. ಅದರಲ್ಲಿದ್ದ ಆರೋಪ ಭಾರತ ವಿರೋಧಿ ಚಟುವಟಿಕೆ, ಬರಹ ಮತ್ತು ಭಾಷಣಗಳ ಮೂಲಕ. ಸರ್ಕಾರಿ ಕಾಲೇಜಿನ ಯಾವುದೋ ವಿಭಾಗದಲ್ಲಿ ಮುಂದಿನ ವಿಚಾರ ಸಂಕಿರಣಕ್ಕೆ ಅತಿಥಿಗಳ ಪಟ್ಟಿ ಮಾಡುತ್ತಾ ಕೂತವರು ಇದನ್ನು ಓದಿರ್ತಾರೆ. ಯಾವ ಹೆಸರು ಹೊಡೆದುಹಾಕಬೇಕು ಅಂತ ಅವರಿಗೆ ದೆಹಲಿಯಿಂದ ಯಾರೂ ಫೋನ್ ಮಾಡಬೇಕಾಗಿಲ್ಲ.