ತಾತನ ಕಾರಿನಲ್ಲಿ ಮೊಬೈಲಿನ ಹಾಡು



ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ನಿಂತರೆ ವಾಹನಗಳು ಸಾಲುಗಟ್ಟಿ ತೆವಳುವುದನ್ನು ನೋಡಬಹುದು. ಅವುಗಳ ನಡುವೆ ಅಪರೂಪಕ್ಕೊಮ್ಮೆ ಗುಂಡುಗುಂಡಾದ ಅಂಬಾಸಿಡರ್ ಕಾರೊಂದು ಕಾಣಿಸುತ್ತದೆ. ಈ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ನಮ್ಮ ಬೀದಿಯ ಹಿರಿಯರೊಬ್ಬರು ಅಂತಹ ಒಂದು ಕಾರನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಹಾಡು ಕೇಳಲು ಕ್ಯಾಸೆಟ್ ಪ್ಲೇಯರ್ ಇದೆ.

ಒಂದು ದಿನ ಅವರ ಮೊಮ್ಮಗ ಹೇಳಿದ: "ತಾತ, ಈ ಹಳೇ ಡಬ್ಬ ಕಿತ್ತು ಎಸೆಯೋಣ. ಹೊಸ ಪ್ಲೇಯರ್ ಹಾಕಿಸಿದರೆ ಮೊಬೈಲಿನ ಹಾಡು ಕೇಳಬಹುದು." ತಾತ ಒಪ್ಪಲಿಲ್ಲ. ಕಾರಿನಲ್ಲಿ ಅವರು ಕಾಪಾಡಿಕೊಂಡು ಬಂದ ಒಂದು ಕ್ಯಾಸೆಟ್ ಇತ್ತು. ಮನೆಯ ಮದುವೆಯೊಂದರಲ್ಲಿ ಅವರ ತಾಯಿ ಹಾಡಿದ ಸೋಬಾನೆ ಪದಗಳು ಅದರಲ್ಲಿದ್ದವು. ಆ ತಾಯಿ ಈಗಿಲ್ಲ. ಮನೆಯಲ್ಲಿ ಬೇರೆ ಕ್ಯಾಸೆಟ್ ಪ್ಲೇಯರೂ ಇಲ್ಲ.

ಯಾರು ಸರಿ? ಇಬ್ಬರೂ ಸರಿ ಎಂಬುದು ನನ್ನ ಅಭಿಪ್ರಾಯ. ಒಂದನ್ನು ಪಡೆಯಲು ಇನ್ನೊಂದನ್ನು ಕಳೆದುಕೊಳ್ಳಲೇಬೇಕು ಎಂದು ತಿಳಿದದ್ದಷ್ಟೇ ತಪ್ಪು. ಕ್ಯಾಸೆಟ್ ಅಡಾಪ್ಟರ್ ಎಂಬ ಚಿಕ್ಕ ಸಾಧನವು ಅವರ ವಾದವನ್ನು ಬಗೆಹರಿಸಿತು. ಅದು ಹೇಗೆಂದು ತಿಳಿಯಲು ಮೊದಲು ಕ್ಯಾಸೆಟ್ಟಿನ ಕಥೆ ಕೇಳಿ.

ಫಿಲಿಪ್ಸ್ ಕಂಪನಿ ಈ ಕ್ಯಾಸೆಟ್ಟನ್ನು 1963ರಲ್ಲಿ ಬರ್ಲಿನ್ ನಗರದ ಒಂದು ಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಅದನ್ನು ರೂಪಿಸಿದ ತಂಡದ ನಾಯಕರು ಲೂ ಆಟೆನ್ಸ್. ಮುಂದೆ ಕನ್ನಡ ಭಾವಗೀತೆಗಳು ಮನೆಮನೆ ತಲಪಿದ್ದು ಕ್ಯಾಸೆಟ್ಟುಗಳ ಮೂಲಕವೇ. ಕವಿ ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಹೊರಬಂತು. ಅದರ ಹಾಡುಗಳಿಗೆ ರಾಗ ಹಾಕಿದವರು ಮೈಸೂರು ಅನಂತಸ್ವಾಮಿ.

ಕ್ಯಾಸೆಟ್ಟಿನ ಒಳಗೆ 4 ಮಿಲಿಮೀಟರಿಗಿಂತ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದರ ಮೇಲೆ ಕಬ್ಬಿಣದ ಆಕ್ಸೈಡಿನಂತಹ ಪುಡಿಯ ಲೇಪನವಿದೆ. ಧ್ವನಿಯು ಈ ಪುಡಿಯಲ್ಲಿ ಕಾಂತೀಯ ಗುರುತುಗಳಾಗಿ ಉಳಿದಿರುತ್ತದೆ. ಪಟ್ಟಿಯು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಹಾಗಾದರೆ ಅರ್ಧ ಗಂಟೆಯ ಹಾಡಿಗೆ ಎಷ್ಟು ಉದ್ದದ ಪಟ್ಟಿ ಬೇಕು? ಲೆಕ್ಕ ಹಾಕಿ ನೋಡಿ, ಸುಮಾರು 86 ಮೀಟರ್ ಬರುತ್ತದೆ!

ಪ್ಲೇಯರಿನಲ್ಲಿ 'ಹೆಡ್' ಎಂಬ ಪುಟ್ಟ ಭಾಗವಿದೆ. ಅದರೊಳಗೆ ತಂತಿಯ ಸುರುಳಿ ಇದೆ. ಪಟ್ಟಿ ಅದನ್ನು ಉಜ್ಜಿಕೊಂಡು ಸಾಗುವಾಗ ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾಗುತ್ತಾ ಹೋಗುತ್ತದೆ. ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದನ್ನು 1831ರಲ್ಲಿ ಕಂಡುಕೊಂಡವರು ಮೈಕೆಲ್ ಫ್ಯಾರಡೆ. ಆ ಸಣ್ಣ ವಿದ್ಯುತ್ತನ್ನು ಹಿಗ್ಗಿಸಿ ಸ್ಪೀಕರಿಗೆ ಕೊಟ್ಟರೆ ಹಾಡು ಕೇಳಿಸುತ್ತದೆ.

ಈಗ ಒಂದು ಪ್ರಶ್ನೆ. ಹೆಡ್‌ಗೆ ನಿಜವಾಗಿ ಬೇಕಾದದ್ದು ಪಟ್ಟಿಯೇ? ಅಲ್ಲ. ಬದಲಾಗುವ ಕಾಂತಕ್ಷೇತ್ರ ಮಾತ್ರ. ಅದು ಎಲ್ಲಿಂದ ಬಂತು ಎಂದು ಹೆಡ್ ಕೇಳುವುದಿಲ್ಲ!

ಅಡಾಪ್ಟರಿನ ಗುಟ್ಟು ಇದೇ. ನೋಡಲು ಅದು ಕ್ಯಾಸೆಟ್ಟಿನಂತೆಯೇ ಇದೆ. ಒಳಗೆ ಪಟ್ಟಿ ಇಲ್ಲ, ಒಂದು ಪುಟ್ಟ ವಿದ್ಯುತ್ಕಾಂತವಿದೆ. ಮೊಬೈಲಿನಲ್ಲಿ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಆ ಅಂಕಿಗಳನ್ನು ಮೊದಲು ಏರಿಳಿಯುವ ವಿದ್ಯುತ್ತಾಗಿ ಬದಲಿಸಲಾಗುತ್ತದೆ. ಆ ವಿದ್ಯುತ್ತು ಇಯರ್‌ಫೋನಿಗೆ ಹೋಗುವ ಬದಲು ತಂತಿಯ ಮೂಲಕ ಅಡಾಪ್ಟರಿಗೆ ಬರುತ್ತದೆ. ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ ಎಂದು 1820ರಲ್ಲಿ ತೋರಿಸಿದವರು ಅರ್ಸ್ಟೆಡ್. ಹೀಗೆ ಅಡಾಪ್ಟರಿನಲ್ಲಿ ಅರ್ಸ್ಟೆಡ್, ಹೆಡ್‌ನಲ್ಲಿ ಫ್ಯಾರಡೆ! ಇಬ್ಬರೂ ಸೇರಿ ಇಂದಿನ ಮೊಬೈಲನ್ನೂ ಅಂದಿನ ಪ್ಲೇಯರನ್ನೂ ಒಂದುಗೂಡಿಸಿದರು. ತಂತಿ ಸಿಕ್ಕಿಸಲು ಜಾಗವಿಲ್ಲದ ಮೊಬೈಲುಗಳಿಗೆ ಬ್ಲೂಟೂತ್ ಅಡಾಪ್ಟರುಗಳೂ ಇವೆ.

ಇದರಲ್ಲಿ ಕೊರತೆಗಳಿಲ್ಲವೇ? ಇವೆ. ಅಡಾಪ್ಟರಿನ ಪುಟ್ಟ ಹಲ್ಲುಚಕ್ರಗಳು ಕೆಲವೊಮ್ಮೆ ಕಟಕಟ ಸದ್ದು ಮಾಡುತ್ತವೆ. ಧ್ವನಿಯ ಸ್ಪಷ್ಟತೆಯಲ್ಲಿ ಒಳ್ಳೆಯ ಹೊಸ ಪ್ಲೇಯರನ್ನು ಇದು ಸರಿಗಟ್ಟಲಾರದು. ಹೆಡ್ ಅಥವಾ ಮೋಟಾರು ಪೂರ್ತಿ ಕೆಟ್ಟಿದ್ದರೆ ಅಡಾಪ್ಟರಿನಿಂದ ಪ್ರಯೋಜನವಿಲ್ಲ. ಹಳೆಯದೆಲ್ಲವನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಲಸ ಮಾಡುತ್ತಿರುವುದನ್ನು ಎಸೆಯುವುದು ಜಾಣತನವಲ್ಲ.

ಏಕೆಂದರೆ ಎಸೆದದ್ದು ಮಾಯವಾಗುವುದಿಲ್ಲ. ಬೆಳ್ಳಂದೂರಿನವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಿಲ್ಲ. ನಗರದ ಕೊಳಚೆ ನೀರು ಸೇರಿ ಇಲ್ಲಿನ ಕೆರೆ ನೊರೆ ಕಾರಿತು. 2015ರಲ್ಲಿ ಆ ಕೆರೆಯ ಮೇಲೆ ಬೆಂಕಿಯೂ ಕಾಣಿಸಿಕೊಂಡಿತು. ಎಸೆದ ವಿದ್ಯುನ್ಮಾನ ಸಾಧನಗಳದೂ ಇಂಥದೇ ಕಥೆ. ಹಳೆಯ ಸಾಧನಗಳ ಬೆಸುಗೆಯಲ್ಲಿ ಸೀಸವಿರುತ್ತದೆ. ತಾಮ್ರಕ್ಕಾಗಿ ತಂತಿಗಳನ್ನು ಸುಟ್ಟರೆ ವಿಷದ ಹೊಗೆ ಏಳುತ್ತದೆ. ನಿಜವಾಗಿಯೂ ಕೆಟ್ಟ ಸಾಧನವನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಬೇಕು.

ಆದ್ದರಿಂದ ಯಾವುದನ್ನಾದರೂ ಎಸೆಯುವ ಮೊದಲು ಮೂರು ಪ್ರಶ್ನೆ ಕೇಳೋಣ. ಇದು ಹೇಗೆ ಕೆಲಸ ಮಾಡುತ್ತದೆ? ಇದನ್ನು ಹೊಸದರ ಜೊತೆ ಸೇರಿಸಬಹುದೇ? ಇದು ಹೋದರೆ ಇದರ ಜೊತೆಗೆ ಇನ್ನೇನು ಹೋಗುತ್ತದೆ? ಮೂರನೆಯ ಪ್ರಶ್ನೆ ಕೇಳದಿದ್ದರೆ ಆ ತಾಯಿಯ ದನಿಯೂ ಡಬ್ಬದೊಂದಿಗೆ ಹೋಗುತ್ತಿತ್ತು.

ಈಗ ಆ ಕಾರಿನಲ್ಲಿ ಮೊಮ್ಮಗ ತನಗೆ ಬೇಕಾದ ಹಾಡು ಹಾಕುತ್ತಾನೆ. ಕಾರು ಹೊರಡುವ ಮೊದಲೇ ಹಾಡು ಆರಿಸಿಬಿಡಬೇಕೆಂಬುದು ತಾತನ ಕಟ್ಟಪ್ಪಣೆ. ಆಮೇಲೆ ಅಡಾಪ್ಟರ್ ತೆಗೆದು ಸೋಬಾನೆಯ ಕ್ಯಾಸೆಟ್ ಹಾಕುತ್ತಾರೆ. ಪಟ್ಟಿಯ ಲೇಪನವೂ ಒಂದು ದಿನ ಉದುರೀತು ಎಂದು ತಿಳಿದ ಮೊಮ್ಮಗ, ಆ ಪದಗಳನ್ನು ಈಗ ಮೊಬೈಲಿಗೂ ಮುದ್ರಿಸಿಕೊಂಡಿದ್ದಾನೆ. ಎಸೆಯೋಣ ಎಂದವನೇ ಅದನ್ನು ಉಳಿಸಿದ!

ನೀವೂ ಮಾಡಿ ನೋಡಿ: ಕಬ್ಬಿಣದ ಮೊಳೆಗೆ ಲೇಪನವಿರುವ ತಾಮ್ರದ ತಂತಿಯನ್ನು ಐವತ್ತು ಸುತ್ತು ಸುತ್ತಿ. ತಂತಿಯ ತುದಿಗಳ ಲೇಪನವನ್ನು ಕೆರೆದು ತೆಗೆಯಿರಿ. ಮೊಳೆಯ ಬಳಿ ದಿಕ್ಸೂಚಿ ಇಡಿ. ತಂತಿಯ ತುದಿಗಳನ್ನು ಟಾರ್ಚ್ ಸೆಲ್ಲಿಗೆ ಕ್ಷಣಕಾಲ ಮುಟ್ಟಿಸಿ, ತೆಗೆಯಿರಿ. ಸೂಜಿ ಏನು ಮಾಡಿತು? ಮನೆಯ ವಿದ್ಯುತ್ ಪ್ಲಗ್ಗಿಗೆ ಮಾತ್ರ ಎಂದೂ ಜೋಡಿಸಬೇಡಿ.